ಗೇಟಿಗೆ ಬಡಿಯದ ಮೀನು

ಕಿವಿ ಡಾಕ್ಟರ ಬಾಗಿಲಲ್ಲಿ ಸರದಿಗೆ ಕಾಯುತ್ತಿದ್ದ ದರ್ಜಿಯ ಎದುರೇ ಅಣೆಕಟ್ಟಿನ ಗೇಟ್ ಕಾಯುವವನೂ ಅವನ ಹೆಂಡತಿಯೂ ಹೊರಬಂದು ಚಪ್ಪಲಿ ಮೆಟ್ಟಿದರು.

"ಕಿವಿ ಚೆನ್ನಾಗೇ ಇದೆ ಅಂದ್ರಲ್ಲ ಡಾಕ್ಟ್ರು. ಮತ್ಯಾಕೆ ಮುಖ ಸಪ್ಪಗೆ?"

"ಅದಕ್ಕೇ ಕಣೇ ಭಯ. ಪ್ರತಿ ಮಳೆಗಾಲ ಮೊಟ್ಟೆ ಇಡೋಕೆ ಮೇಲೆ ಹೊರಟ ನಮ್ಮ ಹೊಳೆ ಮೀನು ಮುಚ್ಚಿದ ಗೇಟಿಗೆ ದಬದಬ ಬಡ್ಕೊಳ್ತಿದ್ವು. ಈ ಸಲ ಸದ್ದೇ ಇಲ್ಲ."

"ನೀವೇ ಹಟ ಹಿಡಿದು ಮೀನಿಗೆ ಅಂತ ಪಕ್ಕದಲ್ಲಿ ಕಾಲುವೆ ತೋಡಿಸಿದ್ರಲ್ಲ. ಅದ್ರಲ್ಲಿ ಹತ್ತಿ ಹೋಗಿರ್ತಾವೆ."

"ದಿನಾ ನಿಂತು ನೋಡ್ತೀನಿ. ಬರೀ ನೀರು ಹರೀತಿದೆ."

"ಇನ್ನೂ ಮಳೆಗಾಲ ಇದೆ. ಬರ್ತಾವೆ ಬಿಡಿ."

"ಬರೋಕೆ ಒಂದಾದ್ರೂ ಉಳಿದಿರ್ಬೇಕಲ್ಲೇ."

ಅವಳು ಅವನ ತೋಳು ಹಿಡಿದು ಮೆಟ್ಟಿಲಿಳಿದಳು. ಅವರು ಹೋದ ದಾರಿಯನ್ನೇ ನೋಡುತ್ತಿದ್ದ ದರ್ಜಿಗೆ ಒಳಗಿನಿಂದ ತನ್ನ ಹೆಸರು ಕೂಗಿದ್ದು ಕೇಳಿಸಲೇ ಇಲ್ಲ.