ನಮ್ಮತ್ತಿ ನೀರು ಒಲ್ಲೆ ಅಂದದ್ದು

ಸೊಕ್ಕಲ್ಲ ಬೇ ಅದು, ಹಂಗ ಅನಬ್ಯಾಡ. ನೀ ಚಾ ಕೊಡಾಕ ಹೋದಿ, ಆಕಿ ಒಲ್ಲೆ ಅಂದ್ಳು, ಅಷ್ಟಕ್ಕ ಮಾರಿ ಊದಿಸ್ಕೊಂಡು ಬಂದು ಕುಂತೀ. ಬಾಜೂಕ ಮನಿ ಕಟ್ಟಾಕತ್ತಾರಲಾ, ಆ ಹೆಣಮಗಳು ಮುಂಜಾನಿಂದ ಉಸುಕಿನ ಬುಟ್ಟಿ ಹೊರಾಕತ್ತಾಳ. ಇಂಥಾ ಬಿಸಲಾಗ ಒಂದು ಗುಟುಕು ನೀರು ಕುಡಿದದ್ದು ನಾ ನೋಡಿಲ್ಲ. ಊರು ಬಿಟ್ಟು ಬಿಜಾಪುರದ ಈ ಇಬ್ರಾಹಿಂಪುರಕ್ಕ ಬಂದಾಗಿಂದ ನನಗೇನು ಕೆಲಸ ಐತಿ, ಕಟ್ಟಿ ಮ್ಯಾಲ ಕುಂತು ರೈಲು ನೋಡೂದು, ಮಂದೀನ ನೋಡೂದು. ಆಕಿ ಯಾಕ ಒಲ್ಲೆ ಅಂದ್ಳು ಅಂತ ನನಗ ಗೊತ್ತೈತಿ. ಕುಂಡರ್ರಿ ಇಬ್ರೂ. ಲೇ, ನೀನೂ ಆ ಮೊಬೈಲ್ ಇಡು. ನಿನ್ನೆ ತಾಸೊತ್ತು ಕರೆಂಟ್ ಹೋದ್ರ "ಆಯಿ, ಭಾಳ ಕಷ್ಟ ಆಗಾಕತ್ತೈತಿ" ಅಂತಿದ್ದಿಲ್ಲ? ಕಷ್ಟ ಅಂದ್ರ ಏನಂತ ಕೇಳು.

ನಾ ತೊರವಿಯಿಂದ ಟಿಕೋಟಾಕ್ಕ ಸೊಸಿ ಆಗಿ ಬಂದಾಗ ಆ ಮನ್ಯಾಗ ಏನಿತ್ತು ಅಂತೀ? ಲೈಟಿಲ್ಲ, ಫ್ಯಾನಿಲ್ಲ, ನಳ ಇಲ್ಲ. ಚಿಮಣಿ ಎಣ್ಣಿ ತೀರಿದ್ರ ಕತ್ತಲಾಗ ಉಣ್ಣೂದು. ಒಲಿ ಹೊಗಿಗೆ ಕಣ್ಣು ಕೆಂಪಗಾಗಿ, ಸೊಸಿ ಅತ್ತಾಳೇನು ಅಂತ ಮಂದಿ ಕೇಳತಿದ್ರು. ಅತ್ತದ್ದೂ ಇತ್ತು ಬಿಡು, ಅದು ಬ್ಯಾರೆ ಮಾತು. ಮೈ ತೊಳಿಯೂದೂ ಅಂಗಳದಾಗ, ಸೀರಿ ಅಡ್ಡ ಕಟ್ಟಿ. ಆದ್ರ ಇದನ್ನೆಲ್ಲ ನಾ ಕಷ್ಟ ಅನ್ನಾಂಗಿಲ್ಲ. ಎಲ್ಲಾರ ಮನ್ಯಾಗೂ ಹಂಗ ಇತ್ತು, ಯಾರು ಯಾರಿಗೆ ಹೇಳೂದು? ಒಂದ ಒಂದು ಇದ್ದಿಲ್ಲ ನೋಡು, ಅದು ಇನ್ನೂ ನನ್ನ ಎದಿಯಾಗ ಕುಂತೈತಿ. ಪಾಯಖಾನಿ ಇದ್ದಿಲ್ಲ. ನಗಬ್ಯಾಡ್ರಿ. ಹೆಣಮಕ್ಕಳು ಹೊತ್ತು ಹುಟ್ಟೂಕಿಂತ ಮೊದಲ ಚರಿಗಿ ತಗೊಂಡು ಹಳ್ಳದ ಕಡಿ ಜಾಲಿ ಗಿಡದ ಮರಿಗೆ ಹೋಗಬೇಕು, ಇಲ್ಲಂದ್ರ ಹೊತ್ತು ಮುಳಗಿದ ಮ್ಯಾಲ. ನಡುವ ಹೊಟ್ಟಿ ಕೆಟ್ರ? ತಡಕೋಬೇಕು. ಗಂಡಸರಿಗೇನು, ಎಲ್ಲಿ ಬೇಕಲ್ಲಿ. ನಮ್ಮತ್ತಿ ನನಗ ಮೊದಲ ಕಲಿಸಿದ್ದು ರೊಟ್ಟಿ ಬಡಿಯೂದಲ್ಲ, ಅಳತಿ ಮಾಡಿ ನೀರು ಕುಡಿಯೂದು. ಬಿಸಲೇರಿದ ಮ್ಯಾಲ ಗುಟುಕ ಅಷ್ಟ, ಅಂತಿದ್ಳು.

ಆಕಿ ಅಂದ್ರ ಎಂಥಾಕಿ ಗೊತ್ತೇನು, ತುಂಬಿದ ಎರಡು ಕೊಡ ಒಮ್ಮಿಗೇ ಹೊತ್ತು ತರೂವಾಕಿ. ಒಂದು ವರ್ಷ ಜೋಳದ ರಾಶಿ ಆದ ಮ್ಯಾಲ, ಅಲ್ಲ, ಕಡ್ಲಿ ರಾಶಿ ಇರಬೇಕು, ಏನೋ ಒಂದು, ದನಕ್ಕ ಕಣಕಿ ಹೊತ್ಕೊಂಡು ಬರೂಮುಂದ ಕಾಲು ಜಾರಿ ಬಿದ್ದು ಟೊಂಕ ಮುರಕೊಂಡ್ಳು. ಬಿಜಾಪುರದ ದವಾಖಾನಿಗೆ ಒಯ್ದ್ರು, ತಂದ್ರು. ಯಾರರ ಹಿಡದ್ರ ನಿಂದ್ರತಾಳ, ಇಲ್ಲಂದ್ರ ಇಲ್ಲ. ದಿನಾ ಮುಂಜಾನೆ ನಾ ರಟ್ಟಿ ಕೊಟ್ಟು ಹಳ್ಳದ ಕಡಿ ನಡಸ್ಕೊಂಡು ಹೋಗತಿದ್ದೆ. ನಾಕು ಹೆಜ್ಜಿಗೆ ಒಮ್ಮೆ ನಿಂತು ದಮ್ಮು ಹಾಕತಿದ್ಳು. ಮಗ್ಗಲದಾಗ ಯಾರರ ಹಾದು ಹೋದ್ರ ಸೆರಗಿನ್ಯಾಗ ಮಾರಿ ಮುಚ್ಕೋತಿದ್ಳು. ಆವಾಗಿಂದ ಆಕಿ ಊಟ ಕಡಿಮಿ ಮಾಡಿದ್ಳು. ಮೊದಲ ಒಂದು ರೊಟ್ಟಿ, ಆಮ್ಯಾಲ ಅರ್ಧ, ಆಮ್ಯಾಲ ಚೂರು. ನೀರು ಕೊಟ್ರ ತುಟಿ ತೊಯಿಸ್ಕೊಂಡು ಇಟ್ಟ ಬಿಡಾಕಿ. ನನಗ ಸಿಟ್ಟು ಬರತಿತ್ತು. ನನ್ನ ರೊಟ್ಟಿ ಅಂದ್ರ ಓಣಿಯೆಲ್ಲ ಹೆಸರು ಮಾಡಿತ್ತು, ಈಕಿಗೆ ಯಾಕ ಸೇರವಲ್ದು? ನನಗ ತಿಳೀಬೇಕಾಗಿತ್ತು. ಆಕೀನ ಕಲಿಸಿದ್ಳಲ್ಲ. ತಿಳೀಲಿಲ್ಲ, ಏನ್ ಮಾಡೂದು.

ಹಿಂಗಿರೂಮುಂದ ನಿಮ್ಮ ಮುತ್ಯಾನ ತಂಗಿ, ನನ್ನ ನಾದಿನಿ, ಬಬಲೇಶ್ವರದಿಂದ ಗಂಡನ್ನ ಕರ್ಕೊಂಡು ಅವ್ವನ್ನ ನೋಡಾಕ ಬಂದ್ಳು. ಎಲುಬಿನ ಹಂದರ ಆಗಿದ್ಳು ಅವ್ವ. ನೋಡಿದಾಕಿನ ಅಳಾಕ ಹತ್ತಿದ್ಳು. "ವೈನಿ, ನಮ್ಮವ್ವಗ ಹೊಟ್ಟಿಗೆ ಹಾಕ್ತೀರೋ ಇಲ್ಲೋ?" ಅಂತ ಕೇಳೇ ಬಿಟ್ಳು, ಓಣಿಗೆ ಕೇಳೂಹಂಗ. ನನ್ನ ಮೈಯೆಲ್ಲ ಉರೀತು. ಗಂಗಾಳದ ತುಂಬ ಬಡಿಸಿ ತಂದು ನಮ್ಮತ್ತಿ ಮುಂದ ದಡಕ್ಕನ ಇಟ್ಟೆ. "ನನ್ನ ಕೈಯಾಂದು ಸೇರದಿದ್ರ ಮಗಳ ಮನಿಗೆ ಹೋಗಿ ಉಣ್ರಿ. ನನ್ನ ಹೆಸರು ಯಾಕ ಕೆಡಸ್ತೀರಿ?" ಅಂದೆ. ಆಕಿ ನನ್ನ ಮಾರಿ ನೋಡಿದ್ಳು. ಸಿಟ್ಟಿಲ್ಲ, ಏನಿಲ್ಲ. ಗಂಗಾಳ ಹತ್ರ ಎಳಕೊಂಡು ಎರಡು ರೊಟ್ಟಿ ತಿಂದ್ಳು, ಝುಣಕ ತಿಂದ್ಳು, ಮಜ್ಜಗಿ ಕುಡದ್ಳು, ಮ್ಯಾಲ ಒಂದು ತಂಬಿಗಿ ನೀರು. ನನ್ನ ಸೊಸಿ ಛಲೋ ಹಾಕ್ತಾಳ, ನಾನ ಉಣ್ಣಾಂಗಿಲ್ಲ ಅಂತ ಮಗಳಿಗೆ ಹೇಳಿದ್ಳು. ನಾ ಗೆದ್ದೆ ಅನ್ಕೊಂಡೆ ನೋಡ್ರಿ. ಭಾಂಡೆ ತಿಕ್ಕಾಕ ಹೋಗಿ ಕುಂತೆ.

ಮೂರು ಗಂಟೆ ಹೊತ್ತಿಗೆ, ರಣ ಬಿಸಲು. ಅಳಿಯ ಪಡಸಾಲ್ಯಾಗ ಕುಂತಾನ. ಯಾರನ್ನೂ ಕರೀಲಾರದ ಆಕಿ ಗ್ವಾಡಿ ಹಿಡಕೊಂಡು ಎದ್ದು ಹೊಂಟಾಳ, ಹೊಸ್ತಿಲಕ ಬಂದು ಬಿದ್ದಾಳ. ಸೀರಿಯೆಲ್ಲ ಹೊಲಸಾತು, ಅಳಿಯನ ಎದುರಿಗೇ. ಪಾಪ ಅವ ಮಾರಿ ಆ ಕಡಿ ಮಾಡಿಕೊಂಡು ಎದ್ದು ಹೊರಗ ಹೋದ. ನಾ ಓಡಿ ಬಂದು ಎತ್ತಿದೆ. ಅಂಗಳದಾಗ ಸೀರಿ ಅಡ್ಡ ಕಟ್ಟಿ ತೊಳಿಯೂಮುಂದ ಆಕಿ ಕಣ್ಣು ತೆರೀಲಿಲ್ಲ. "ಇದಕ್ಕ ಯವ್ವಾ, ಇದಕ್ಕ ನಾ ಉಣ್ಣತಿದ್ದಿಲ್ಲ. ಹಗಲೊತ್ತಿನ್ಯಾಗ ನಿನ್ನ ಎಲ್ಲಿ ಎಳದಾಡಿಸ್ಲಿ?" ಅಂದ್ಳು. ನಾದಿನಿ ಬಾಗಲದಾಗ ನಿಂತಿದ್ಳು, ಆಕೀಗೂ ಕೇಳಿಸಿತು.

ಮರುದಿನ ನಿಮ್ಮ ಮುತ್ಯಾ ಹಿತ್ತಲದಾಗ ತಗ್ಗು ತೋಡಿದ್ರು. ಎರಡು ಹಾಸಗಲ್ಲು, ನಾಕು ತಗಡು, ಒಂದು ಗೋಣಿ ಚೀಲದ ಪರದೆ. ಮೂರು ದಿನದ ಕೆಲಸ. ಮೂರ ದಿನ ಬೇ. ಅದಕ್ಕಾಗಿ ತಿಂಗಳಾನುಗಟ್ಟಲೆ ಆಕಿ ಹಸಗೊಂಡು ಕುಂತಿದ್ಳು. ಯಾಕ ಮೊದಲ ಮಾಡಲಿಲ್ಲ ಅಂದ್ರ ಏನು ಹೇಳ್ಲಿ, ಉಣ್ಣೂ ಮನಿ ಹತ್ರ ಅದೇನು ಹೊಲಸು ಅಂತಿದ್ವಿ, ಆಕೀನೂ ಹಂಗ ಅಂತಿದ್ಳು. ಪರದೆ ಕಟ್ಟಿದ ದಿನ ಆಕಿ ನನ್ನ ಕರದು ನೀರು ಕೇಳಿದ್ಳು. ಕೊಟ್ಟೆ. ಇನ್ನೊಂದು ಕೊಡು ಅಂದ್ಳು. ಅದನ್ನೂ ಕುಡದ್ಳು. ಆದ್ರ ಮೈಯಾಗ ಏನೂ ಉಳದಿದ್ದಿಲ್ಲ, ಆ ವರ್ಷದ ಮುಂಗಾರು, ಮಿರಗಾ ಮಳಿ, ಕಾಣಲಿಲ್ಲ ಆಕಿ. ಮಣ್ಣಿಗೆ ಬಂದ ಮಂದಿ, ಸೊಸಿ ಹೊಟ್ಟಿಗೆ ಹಾಕಲಿಲ್ಲ ಅಂತ ಮಾತಾಡಿದ್ರು. ನಾದಿನಿ, ಹಂಗಲ್ಲ ಅಂತ ಬಾಯಿ ತೆಗದ್ಳು, ನಾನ ಬ್ಯಾಡ ಅಂದೆ. ಖರೆ ಹೇಳಿದ್ರ ಆಕಿ ಮರ್ಯಾದಿ ಹೋಗತಿತ್ತು. ನನ್ನ ಹೆಸರು ಕೆಟ್ರ ಕೆಡ್ಲಿ.

ಏಳೀಗ. ಆ ಹೆಣಮಗಳು ಇನ್ನೂ ಅಲ್ಲೇ ಅದಾಳ. ಚಾ ಹಿಡಕೊಂಡು ಹೋಗಬ್ಯಾಡ. ನಮ್ಮ ಪಾಯಖಾನಿ ಇಲ್ಲೇ ಹಿಂದ ಐತಿ, ಯಾವಾಗ ಬೇಕಾದ್ರೂ ಬಾರವ್ವಾ ಅಂತ ಮೊದಲ ಹೇಳಿ ಬಾ. ಆಮ್ಯಾಲ ನೀರು ಆಕೀನ ಕೇಳತಾಳ.