ಬೊಮ್ಮಕ್ಕನ ಪರೀಕ್ಷೆ

1928ರಲ್ಲಿ ರಾಯದುರ್ಗದ ರೈಲು ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ಕೇಳಿದ ಮಾತು. ಯೇಸುವಿನ ಸುವಾರ್ತೆ ಹೇಳುತ್ತ ಊರೂರು ತಿರುಗುವ ರೂತಮ್ಮನನ್ನು ಹಿರೇಹಾಳಿನ ಬೊಮ್ಮಕ್ಕ ಗುರುತು ಹಿಡಿದಿದ್ದಳು.

“ಹೋದ ವಾರ ನಿನ್ನ ಮ್ಯಾಲೆ ಸಗಣಿ ನೀರು ಹಾಕಿದಾಕಿ ನಾನೇ. ಮತ್ತ ನಮ್ಮೂರಿಗೇ ಹೊಂಟೀಯೇನು?”

“ಹೌದ್ರಿ. ನಿಮ್ಮ ಸೊಸಿಗೆ ಬಾಣಂತಿ ಜ್ವರ ಅಂತ ಕೇಳಿ, ಆಸ್ಪತ್ರಿ ಔಷಧ ತಂದೀನಿ.”

“ಔಷಧ ಕುಡಿಸಿ ನಿಮ್ಮ ಮತಕ್ಕ ಸೇರಿಸ್ತೀಯ.”

“ಯೇಸುನ ನಂಬ್ರಿ ಅಂತ ಹೇಳ್ತೀನ್ರಿ. ಸುಳ್ಳ್ಯಾಕ ಆಡ್ಲಿ?”

“ನಂಬಲ್ಲ ಅಂದ್ರ?”

“ಔಷಧ ಕೊಟ್ಟು ಬರ್ತೀನ್ರಿ. ಮುಂದಿನ ವಾರ ಮತ್ತ ಹೇಳ್ತೀನಿ.”

ಬೊಮ್ಮಕ್ಕ ಸೀಸೆಯನ್ನು ಇಸಿದುಕೊಂಡು ಬಿಸಿಲಿಗೆ ಹಿಡಿದು ನೋಡಿದಳು, ಮೂಸಿದಳು.

“ಮೊದ್ಲು ನೀನು ಕುಡಿ.”

ರೂತಮ್ಮ ಒಂದು ಗುಟುಕು ಕುಡಿದಳು. ಅಷ್ಟರಲ್ಲಿ ಗಾಡಿ ಬಂತು.

“ನನ್ನ ಎದುರಿಗೇ ಕುಂಡ್ರು. ಊರು ಮುಟ್ಟಾತನಕ ನಿನಗೇನೂ ಆಗಲಿಲ್ಲಂದ್ರ ಸೊಸಿಗೆ ಕುಡಿಸ್ತೀನಿ.”

ಇಬ್ಬರೂ ಹೆಂಗಸರ ಡಬ್ಬಿ ಹತ್ತಿದರು.