ಎಂಟು ಕ್ಯಾನ್ ಉಪ್ಪುನೀರು

ಓಂಕಾರಮೂರ್ತಿ ಬಿನ್ ಲೇಟ್ ಕೊಟ್ಟೂರಪ್ಪ, 46 ವರ್ಷ, ರೇಷ್ಮೆ ಸೀರೆ ವ್ಯಾಪಾರ, ನಿನ್ನೆಯವರೆಗೆ ಚಳ್ಳಕೆರೆ ವಾಸಿ, ಇಂದಿನಿಂದ ಮೊಳಕಾಲ್ಮುರು ಟೌನ್ ವಾಸಿಯಾದ ನಾನು ಮಧ್ಯಾಹ್ನ 2-40ಕ್ಕೆ ಎರಡನೇ ಸಲ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ಬೆಳಿಗ್ಗೆ 11-15ಕ್ಕೆ ಟೆಂಪೋ ಚಾಲಕ ಮಾರುತಿಯ ಮೇಲೆ ನಾನು ಕೊಟ್ಟ ಕಳ್ಳತನದ ದೂರು ತಪ್ಪು.

ನಮ್ಮಲ್ಲಿ ನಾಲ್ಕು ಅಡಿ ಉದ್ದದ ಗಾಜಿನ ತೊಟ್ಟಿಯಲ್ಲಿ ಎರಡು ಸಮುದ್ರದ ಮೀನುಗಳಿವೆ. ಕಿತ್ತಳೆ ಬಣ್ಣ, ಬಿಳಿ ಪಟ್ಟೆ. ಬೆನ್ನಿನ ಆಪರೇಷನ್ ಆಗಿ ಎಂಟು ತಿಂಗಳು ಮಲಗಿದ್ದಾಗ ಇವನ್ನೇ ನೋಡುತ್ತಾ ದಿನ ನೂಕಿದ್ದೇನೆ. ಇವು ಉಪ್ಪುನೀರಿನಲ್ಲಿ ಮಾತ್ರ ಬದುಕುತ್ತವೆ. ಅದಕ್ಕೆ ಹಾಕುವ ಉಪ್ಪು ಬೆಂಗಳೂರಿನಿಂದ ಬರಲು ಎರಡು ದಿನ ಬೇಕು. ಆದ್ದರಿಂದ ಮನೆ ಬದಲಿಸುವಾಗ ಹಳೆಯ ನೀರನ್ನೇ ಇಪ್ಪತ್ತು ಲೀಟರಿನ ಎಂಟು ಕ್ಯಾನ್‌ಗಳಿಗೆ ತುಂಬಿಸಿದೆ. ಉಳಿದದ್ದನ್ನು ಚೆಲ್ಲಲು ಮನಸ್ಸು ಬಾರದೆ ಹಳೆ ಮನೆಯ ಬಚ್ಚಲಿನ ಡ್ರಮ್ಮಿನಲ್ಲಿ ಬಿಟ್ಟೆ. ನಾಳೆ ಇನ್ನೊಂದು ಟ್ರಿಪ್ ಇದ್ದುದರಿಂದ ಆ ಮನೆಯ ಬೀಗದ ಕೈ ಮಾರುತಿಯ ಬಳಿಯೇ ಇತ್ತು. ಮಾರುತಿ ದೊಡ್ಡಉಳ್ಳಾರ್ತಿಯವನು, 29 ವರ್ಷ.

ಬೆಳಿಗ್ಗೆ 6-00ಕ್ಕೆ ಚಳ್ಳಕೆರೆ ಬಿಟ್ಟು 7-20ಕ್ಕೆ ಹೊಸ ಮನೆ ತಲುಪಿದೆವು. ಕ್ಯಾನ್‌ಗಳನ್ನು ಗೇಟಿನ ಬಳಿ ಇಳಿಸಿದೆವು. ಮೀನುಗಳು ಥರ್ಮಾಕೋಲ್ ಡಬ್ಬದಲ್ಲಿದ್ದವು. ಅದರಲ್ಲಿ ಅವು ಸಂಜೆಯವರೆಗೆ ಬದುಕಿದರೆ ಹೆಚ್ಚು. 7-45ಕ್ಕೆ ನಾನು ಮತ್ತು ನನ್ನ ಪತ್ನಿ ದಾಕ್ಷಾಯಿಣಿ ಗೃಹಪ್ರವೇಶದ ಹೋಮಕ್ಕೆ ಕುಳಿತೆವು. ಪೂರ್ಣಾಹುತಿ ಆಗುವವರೆಗೆ ಏಳಬಾರದೆಂದು ಅಯ್ಯನವರು ಹೇಳಿದ್ದರು.

10-40ಕ್ಕೆ ಎದ್ದು ಬಂದಾಗ ಕ್ಯಾನ್ ಇಲ್ಲ, ಟೆಂಪೋ ಇಲ್ಲ, ಮಾರುತಿ ಇಲ್ಲ. ಅವನ ಫೋನ್ ಸ್ವಿಚ್ ಆಫ್. ಬೀಗದ ಕೈ ನೆನಪಾಗಿ ತಲೆ ಕೆಟ್ಟಿತು. ಎಲ್ಲಿ ಹೋದನೆಂದು ಎಲ್ಲರನ್ನೂ ಕೇಳಿದೆ. ಬಿ.ಜಿ. ಕೆರೆಯ ನನ್ನ ತಂಗಿಯ ಮನೆಯಿಂದ ಬಂದಿದ್ದ ನಮ್ಮ ಅವ್ವ ಕಮಲಾಕ್ಷಮ್ಮ, 72 ವರ್ಷ, ಹೂ ಕಟ್ಟುತ್ತಿದ್ದವರು ತಲೆ ಎತ್ತಲಿಲ್ಲ. ಸುಮಾರು ಮೂವತ್ತು ಜನ ನೆಂಟರ ಎದುರು ನಾನು ಮಾರುತಿಯನ್ನು ಕಳ್ಳನೆಂದು ಕೂಗಾಡಿ ಠಾಣೆಗೆ ಬಂದೆ.

12-05ಕ್ಕೆ ಪೊಲೀಸರು ಅವನನ್ನು ಬಿ.ಜಿ. ಕೆರೆ ಬಳಿ ತಡೆದು 12-50ಕ್ಕೆ ಇಲ್ಲಿಗೆ ಕರೆತಂದರು. ಟೆಂಪೋದಲ್ಲಿ ಕ್ಯಾನ್‌ಗಳು ಮಾತ್ರ ಇದ್ದವು, ಏಳು ತುಂಬಿ ಎಂಟನೆಯದು ಅರ್ಧ. ಪೇದೆ ಪೆದ್ದಣ್ಣನವರು ಬೆರಳು ಅದ್ದಿ ನಾಲಿಗೆಗಿಟ್ಟು ಉಗುಳಿದರು. ಮಾರುತಿಯು, "ಮೊದ್ಲು ಮೀನಿಗೆ ನೀರ್ ಹಾಕ್ರಿ ಸಾರ್, ಆಮೇಲೆ ನನ್ನ ವಿಷ್ಯ" ಎಂದನು. ಎಲ್ಲರೂ ಮನೆಗೆ ಹೋಗಿ 1-35ಕ್ಕೆ ಮೀನುಗಳನ್ನು ತೊಟ್ಟಿಗೆ ಬಿಟ್ಟೆವು. ಒಂದು ಕೂಡಲೇ ಈಜಿತು. ಇನ್ನೊಂದು ಹತ್ತು ನಿಮಿಷ ವಾಲಿಕೊಂಡಿದ್ದು ಆಮೇಲೆ ನೆಟ್ಟಗಾಯಿತು. ನನಗೆ ಅಳು ಬಂತು. ಇದನ್ನೂ ಬರೆದುಕೊಳ್ಳಬಹುದು.

ಆಗ ಅವ್ವ ಬಾಯಿಬಿಟ್ಟರು. ಮೀನಿಗೆ ಉಪ್ಪುನೀರು ಬೇಕೆಂದು ಅವರಿಗೆ ಗೊತ್ತಿರಲಿಲ್ಲ. 8-30ರ ಸುಮಾರಿಗೆ ಬಾಯಿ ಮುಕ್ಕಳಿಸಲೆಂದು ಕ್ಯಾನ್ ಬಗ್ಗಿಸಿದರೆ ಉಪ್ಪು. ದೃಷ್ಟಿ ತೆಗೆದ ಉಪ್ಪುನೀರನ್ನು ಯಾರೋ ತಿಳಿಯದೆ ಹೊಸ ಮನೆಗೆ ತಂದಿದ್ದಾರೆಂದು ಹೂ ತಂದುಕೊಟ್ಟ ಹುಡುಗನ ಕೈಲಿ ಎಂಟೂ ಕ್ಯಾನ್‌ಗಳನ್ನು ಯಾರೂ ತುಳಿಯದಂತೆ ಗೇಟಿನಿಂದ ಹನ್ನೆರಡು ಅಡಿ ದೂರದ ಜಾಲಿ ಗಿಡದ ಬುಡಕ್ಕೆ ಸುರಿಸಿ, ಬೋರ್‌ವೆಲ್ ನೀರು ತುಂಬಿಸಿಟ್ಟಿದ್ದಾರೆ. ಎಂಟು ಕ್ಯಾನ್ ದೃಷ್ಟಿ ಇರುತ್ತದೆಯೇ ಎಂದು ಕೇಳಿದ್ದಕ್ಕೆ, "ನಿನ್ ಮ್ಯಾಲೆ ಅಷ್ಟು ಜನದ ಕಣ್ಣೈತೆ ಕಣಪ್ಪಾ" ಎಂದರು.

9-00ಕ್ಕೆ ಕ್ಯಾನ್ ಎತ್ತುವಾಗ ತುಟಿಗೆ ಸಿಡಿದ ನೀರು ಸಪ್ಪಗಿದ್ದುದರಿಂದ ಮಾರುತಿಗೆ ಗೊತ್ತಾಗಿದೆ. ನನ್ನನ್ನು ಕರೆಯಲು ಬಂದವನಿಗೆ ಅವ್ವ, "ಹೋಮದಿಂದ ಎಬ್ಬಿಸ್‌ಬ್ಯಾಡಪ್ಪಾ, ನಾನೇ ಹೇಳ್ತೀನಿ" ಎಂದಿದ್ದಾರೆ. ಆ ಮಾತು ನಂಬಿ ಅವನು ಕ್ಯಾನ್‌ಗಳನ್ನು ಖಾಲಿ ಮಾಡಿಕೊಂಡು ಡ್ರಮ್ಮಿನ ನೀರು ತರಲು ಚಳ್ಳಕೆರೆಗೆ ಹೋಗಿದ್ದಾನೆ. ಫೋನಿನಲ್ಲಿ ಚಾರ್ಜ್ ಮುಗಿದಿತ್ತು. ನೆಂಟರ ಎದುರು ನಾನು ರೇಗುತ್ತೇನೆಂದು ಹೆದರಿ ಅವ್ವ ನನಗೆ ಹೇಳಲಿಲ್ಲ. ಅವರು ಹೆದರಿದ್ದು ಸರಿಯೇ, ನಾನು ರೇಗುತ್ತಿದ್ದೆ.

ಮಾರುತಿಯನ್ನು ಊಟಕ್ಕೆ ಕರೆದೆ, ಬರಲಿಲ್ಲ. "ಕಳ್ಳ ಅಂದಿದ್ದು ಎಷ್ಟು ಜನ ಕೇಳ್ಯಾರೋ ಅಷ್ಟೂ ಜನದ ಮುಂದೆ ಅಲ್ಲ ಅಂತ ಹೇಳ್ರಿ, ಆಮೇಲೆ ಉಣ್ತೀನಿ" ಎಂದು ಠಾಣೆಯ ಹೊರಗೆ ಟೆಂಪೋದಲ್ಲಿ ಕುಳಿತಿದ್ದಾನೆ. ನೆಂಟರು ನಾಲ್ಕು ಗಂಟೆಯ ಬಸ್ಸಿಗೆ ಹೊರಡುವವರಿದ್ದಾರೆ. ಆದ್ದರಿಂದ ಬೇಗ ಸಹಿ ಪಡೆದು ನನ್ನನ್ನು ಕಳುಹಿಸಿಕೊಡಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಮೊಳಕಾಲ್ಮುರು
ದಿನಾಂಕ: 10-02-2025, ಮಧ್ಯಾಹ್ನ 3-20
ಸಹಿ: ಕೆ. ಓಂಕಾರಮೂರ್ತಿ